ಮರ ಬೀಳಿಸುವವರು, ಮರ ಇಳಿಸುವವರು

ಅಂಕ ಮೊದಲು ಕೊಟ್ಟುಬಿಡುತ್ತೇನೆ, ಲೆಕ್ಕ ಆಮೇಲೆ ಬಿಡಿಸೋಣ. ಫೆಬ್ರವರಿಯಲ್ಲಿ ನಮ್ಮ ಹಿತ್ತಲ ತೆಂಗಿನ ಮರ ಕಡಿದ ತಂಡಕ್ಕೆ ನೂರಕ್ಕೆ 20. ಏಪ್ರಿಲ್‌ನಲ್ಲಿ ಗುಲ್‌ಮೊಹರ್ ತೆಗೆದ ತಂಡಕ್ಕೆ ನೂರಕ್ಕೆ 84. ನಾನು 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಸುಮ್ನೆ ಅಂಕ ಹಾಕುವ ಅಭ್ಯಾಸ ಇಲ್ಲ, ಸುಮ್ನೆ ಕಳೆಯುವ ಅಭ್ಯಾಸವೂ ಇಲ್ಲ.

ಎರಡೂ ತಂಡದ ಹೆಸರು ಇಲ್ಲಿ ಸಿಗುವುದಿಲ್ಲ. ಮೊದಲನೆಯವರ ಹೆಸರು ನನಗೇ ಗೊತ್ತಿಲ್ಲ. ಅದೇ ನಾನು ಮಾಡಿದ ಮೊದಲ ತಪ್ಪು. ಎರಡನೆಯ ತಂಡದ ಮೇಸ್ತ್ರಿಯನ್ನು ಕೇಳಿದೆ. "ಬೇಡ ಬಿಡಿ ಟೀಚರಮ್ಮ, ಮರದ ಮೇಲಿದ್ದಾಗ ಫೋನ್ ಎತ್ತಕ್ಕಾಗಲ್ಲ. ಎತ್ತಲಿಲ್ಲ ಅಂತ ಜನ ಬೈತಾರೆ" ಅಂದರು. ಹಾಗಾಗಿ ಹೆಸರು ಬಿಟ್ಟು ಕೆಲಸ ಹೇಗಿತ್ತು ಅಂತಷ್ಟೇ ಬರೆಯುತ್ತೇನೆ.

ನಮ್ಮ ಮನೆ ಇರುವುದು ತುಮಕೂರಿನಲ್ಲಿ, ಎಸ್.ಐ.ಟಿ. ಕಾಲೇಜಿಗೆ ಹತ್ತಿರದ ಒಂದು ಬಡಾವಣೆಯಲ್ಲಿ. 40ಕ್ಕೆ 60ರ ಸೈಟು. 1991ರಲ್ಲಿ ಮನೆ ಕಟ್ಟಿಸಿದಾಗ ನಮ್ಮ ಮಾವನವರು ಮೂರು ಗಿಡ ನೆಟ್ಟರು. ಗುಬ್ಬಿ ಹತ್ತಿರದ ಊರಿಂದ ತಂದ ತೆಂಗಿನ ಸಸಿ ಹಿತ್ತಲಿಗೆ, ಗುಲ್‌ಮೊಹರ್ ಪಕ್ಕದ ಮೂಲೆಗೆ, ಹೊಂಗೆ ಗೇಟಿನ ಬಳಿ. ಗುಲ್‌ಮೊಹರ್ ಅಂದರೆ ನಮ್ಮ ಕಡೆ ಮೇ ಫ್ಲವರ್ ಅಂತಾರಲ್ಲ, ಅದೇ. ಮೂರೂ ಗಿಡಕ್ಕೆ ಅವರು ಕೊಟ್ಟ ಜಾಗ ಎಷ್ಟು ಅಂದರೆ, ಒಂದು ಕೊಡ ನೀರು ಹಾಕಲು ಎಷ್ಟು ಬೇಕೋ ಅಷ್ಟು. ಮರ ಆದಮೇಲೆ ಎಷ್ಟು ಅಗಲ ಆಗುತ್ತದೆ ಅಂತ ಸಸಿ ನೆಡುವಾಗ ಯಾರು ಯೋಚನೆ ಮಾಡುತ್ತಾರೆ?

ತೆಂಗಿಗೆ ಕೆಂಪು ಮೂತಿ ಹುಳು ಬಿದ್ದಿತ್ತು. ಕಾಂಡದಲ್ಲಿ ಸಣ್ಣ ತೂತು, ಅದರಿಂದ ಕಂದು ರಸ ಸೋರುವುದು, ಅಗಿದು ಉಗಿದಂಥ ನಾರು ಹೊರಗೆ ಬರುವುದು, ಎಲ್ಲ ಕಾಣಿಸುತ್ತಿತ್ತು. ನಾವು ನೋಡಿದ್ದು ಮಾತ್ರ ಸುಳಿ ಬಾಡಿ ವಾಲಿದಮೇಲೆ. ಸುಳಿ ವಾಲುವ ಹೊತ್ತಿಗೆ ಒಳಗೆ ಊಟ ಮುಗಿದಿರುತ್ತದೆ. ತೆಂಗಿನ ನಾಡಿನಲ್ಲಿ ಹುಟ್ಟಿ ಬೆಳೆದ ನಮ್ಮ ಮನೆಯವರಿಗೆ ಇದು ಈಗಲೂ ನಾಚಿಕೆಯ ವಿಷಯ. ತಿಪಟೂರಿನ ನೆಂಟರಿಗೆ ಇನ್ನೂ ಹೇಳಿಲ್ಲ.

ಅಂಥ ಹೊತ್ತಿಗೆ ಒಂದು ಬೆಳಿಗ್ಗೆ ಗೇಟಿನ ಹತ್ತಿರ ಆಟೋ ನಿಂತಿತು. ಮೂರು ಜನ, ಒಂದು ಮೆಷಿನ್ನು, ಒಂದು ಸುತ್ತು ಹಗ್ಗ. "ಅಮ್ಮಾ, ತೆಂಗಿನ ಮರ ಒಣಗೈತಲ್ಲ, ತೆಗೀಲಾ? ನಾಕು ಸಾವ್ರ ಆಗ್ತದೆ." ನಾನು ಮೂರೂವರೆಗೆ ಇಳಿಸಿದೆ. ಬರುವ ದಿನ, ಹೊತ್ತು ಹೇಳಿ ಹೋದರು. ಗೆದ್ದೆ ಅಂದುಕೊಂಡೆ.

ಮರ ಸುಮಾರು 40 ಅಡಿ. ಹಿತ್ತಲು 22 ಅಡಿ. ಸೋಗೆ, ಸುಳಿ ಎಲ್ಲ ಮೊದಲು ಕೆಡವಿದರು, ಒಪ್ಪುತ್ತೇನೆ. ಆಮೇಲೆ ಉಳಿದದ್ದು 30 ಅಡಿಗೂ ಜಾಸ್ತಿ ಉದ್ದದ ಬರೀ ಕಾಂಡ. ಅದಕ್ಕೆ ಅರ್ಧದಲ್ಲಿ ಹಗ್ಗ ಕಟ್ಟಿ, ಬುಡಕ್ಕೆ ಮೆಷಿನ್ ಇಟ್ಟು, ಇಬ್ಬರು ಎಳೆದರು. 30 ಅಡಿ ಕಾಂಡ 22 ಅಡಿ ಹಿತ್ತಲಲ್ಲಿ ಮಲಗುವುದಿಲ್ಲ. ಎಂಟನೇ ಕ್ಲಾಸಿನ ಮಗು ಕೂಡ ಹೇಳುವ ಲೆಕ್ಕ ಇದು. ಲೆಕ್ಕದ ಟೀಚರ್ ಆ ಹೊತ್ತಿಗೆ ಎಲ್ಲಿದ್ದಳು? ಅಡುಗೆಮನೆಯಲ್ಲಿ ಅವರಿಗೇ ಕಾಫಿ ಸೋಸುತ್ತಿದ್ದಳು.

ಸದ್ದಿಗೆ ಕಿಟಕಿ ಅಲುಗಿತು. ಹೊರಗೆ ಬಂದು ನೋಡಿದರೆ ಹಿಂದಿನ ಕಾಂಪೌಂಡು ಆರು ಅಡಿ ಉದ್ದ ನೆಲಸಮ. ಬಟ್ಟೆ ಒಗೆಯುವ ಕಲ್ಲು ಎರಡು ಹೋಳು. ಹಿಂದಿನ ಮನೆಯ ಅಜ್ಜಿ ದಿನಾ ಅದೇ ಗೋಡೆಯ ಪಕ್ಕ ಕೂತು ಸೊಪ್ಪು ಬಿಡಿಸುತ್ತಾರೆ. ಅವತ್ತು ದೇವಸ್ಥಾನಕ್ಕೆ ಹೋಗಿದ್ದರು. ಅದನ್ನು ನೆನೆದರೆ ಈಗಲೂ ನನಗೆ ಕೈ ತಣ್ಣಗಾಗುತ್ತದೆ.

"ಮರ ಅಂದ್ಮೇಲೆ ಬೀಳ್ತದೆ ಕಣಮ್ಮ" ಅಂದ ಅವರಲ್ಲೊಬ್ಬ. ಕಾಂಡವನ್ನು ನಾಲ್ಕು ತುಂಡು ಮಾಡಿ ಅಲ್ಲೇ ಬಿಟ್ಟರು. ಸಾಗಿಸುವುದು ಯಾರು ಅಂದರೆ, "ಅದು ಬ್ಯಾರೆ ರೇಟು." ಗೋಡೆ ಕಟ್ಟಿಸಲು 7,200 ಆಯಿತು. ಕಾಂಡ ಸಾಗಿಸಲು ಇನ್ನೊಬ್ಬರಿಗೆ 1,500 ಕೊಟ್ಟೆ. 3,500ರ ಕೆಲಸ 12,200ಕ್ಕೆ ಹೋಗಿ ನಿಂತಿತು, ಕಲ್ಲು ಬಿಟ್ಟು.

ಸಾಗಿಸುವವರು ಸಿಗಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಆ ತುಂಡುಗಳ ಕೆಳಗೆ ಬಿಳಿ ಹುಳುಗಳು. ತೆಂಗು ಬೆಳೆಸಿದವರಿಗೆ ಇದು ಹೊಸ ಮಾತಲ್ಲ. ಸುಳಿ ಕೊರೆಯುವ ಕೊಂಬಿನ ದುಂಬಿ ಮೊಟ್ಟೆ ಇಡುವುದೇ ಕೊಳೆಯುವ ತೆಂಗಿನ ಕಾಂಡದಲ್ಲಿ, ತಿಪ್ಪೆಯಲ್ಲಿ. ಕೆಂಪು ಮೂತಿ ಹುಳು ತಿಂದ ಮರವನ್ನಂತೂ ಸೀಳಿ ಸುಟ್ಟುಬಿಡಬೇಕು, ಇಲ್ಲದಿದ್ದರೆ ಒಳಗಿರುವ ಹುಳು ಪಕ್ಕದ ಮರಕ್ಕೆ ಹೋಗುತ್ತದೆ. ನಮ್ಮ ಬೀದಿಯಲ್ಲಿ ಇನ್ನೂ ಏಳು ತೆಂಗಿನ ಮರ ಇವೆ. ಆ ಮೂರು ವಾರ ನಾನು ಯಾರ ಮುಖವನ್ನೂ ನೋಡದೆ ಹಾಲು ತರಲು ಹೋಗಿ ಬರುತ್ತಿದ್ದೆ.

ಅವರಿಗೆ ಆ 20 ಅಂಕ ಯಾಕೆ ಅಂತ ಕೇಳಬಹುದು. ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದರು. ಅಷ್ಟಕ್ಕೇ.

ಇನ್ನು ಗುಲ್‌ಮೊಹರ್. ಇದು ದೊಡ್ಡ ಕಥೆ.

ಕಳೆದ ದೀಪಾವಳಿ ಹೊತ್ತಿನ ಮಳೆ ಆದಮೇಲೆ ಬುಡದಲ್ಲಿ ಅಂಗೈ ಅಗಲದ ಅಣಬೆ ಎದ್ದಿತ್ತು. ಮರದ ಹಾಗೇ ಗಟ್ಟಿ, ಮೇಲೆ ಕಂದು, ಅಂಚು ಬಿಳಿ. ನಾನು ಅದನ್ನು ಕಿತ್ತು ಬಿಸಾಕಿ ಸುಮ್ಮನಾದೆ. ಜನವರಿಗೆ ಮತ್ತೆ ಮೂರು ಬಂದವು. ಈ ಜಾತಿ ಅಣಬೆ ಬುಡದಲ್ಲಿ ಕಂಡರೆ ಒಳಗಿನ ಚೇಗು ಕೊಳೆಯುತ್ತಿದೆ ಅಂತ ಅರ್ಥ, ಮೇಲೆ ಎಲೆ ಹಸಿರಾಗಿದ್ದರೂ ಕೂಡ. ಕಿತ್ತರೆ ರೋಗ ಹೋಗುವುದಿಲ್ಲ, ಕುರುಹು ಹೋಗುತ್ತದೆ ಅಷ್ಟೇ.

ಮರ ಎಷ್ಟು ಎತ್ತರ ಅಂತ ಅಳೆದೆ. ಶಾಲೆಯಿಂದ ಬರುವಾಗ ತಂದಿದ್ದ ಮೀಟರ್ ಕೋಲನ್ನು ಒಂದು ಬೆಳಿಗ್ಗೆ ನೆಟ್ಟಗೆ ನಿಲ್ಲಿಸಿದೆ. ನೆರಳು 80 ಸೆಂಟಿಮೀಟರ್. ಅದೇ ಹೊತ್ತಿಗೆ ಮರದ ನೆರಳು 11 ಮೀಟರ್ 20. ಭಾಗಿಸಿದರೆ ಮರ 14 ಮೀಟರ್, ಅಂದರೆ ಸುಮಾರು 46 ಅಡಿ. ಮರದಿಂದ ನಮ್ಮ ಮಲಗುವ ಕೋಣೆಯ ಗೋಡೆಗೆ 13 ಅಡಿ. ಪಕ್ಕದವರ ಶೀಟಿನ ಶೆಡ್ಡಿಗೆ 9 ಅಡಿ. ಯಾವ ಕಡೆ ಬಿದ್ದರೂ ಯಾರದೋ ಒಂದು ತಲೆಯ ಮೇಲೆ. ಗುಲ್‌ಮೊಹರ್ ಬೇರು ಆಳಕ್ಕೆ ಹೋಗುವುದಿಲ್ಲ, ಮೇಲ್ಮೇಲೆ ಹರಡುತ್ತದೆ. ಕೊಂಬೆ ಬೇಗ ಮುರಿಯುತ್ತದೆ. ಭರಣಿ ಮಳೆಯ ಮುಂಚಿನ ಆ ಒಂದು ಗಾಳಿ ಸಾಕು. ಪ್ರತಿ ವರ್ಷ ಏಪ್ರಿಲ್, ಮೇನಲ್ಲಿ ನಮ್ಮ ಊರಲ್ಲಿ ಮರ ಬೀಳುವುದು ಮಳೆಗಿಂತ ಜಾಸ್ತಿ ಆ ಗಾಳಿಗೆ ಅಲ್ವಾ?

"ಮೇಲೆ ಮೇಲೆ ಬೋಳಿಸಿಬಿಡಿ, ಭಾರ ಕಮ್ಮಿ ಆಗುತ್ತೆ, ಮರಾನೂ ಉಳಿಯುತ್ತೆ" ಅಂದವರು ಬೀದಿಯಲ್ಲಿ ಬಹಳ ಜನ. ನಮ್ಮ ಮನೆಯವರೂ ಅದೇ ಪಕ್ಷ. ಅಪ್ಪ ನೆಟ್ಟ ಮರ, ಪಾಪ. ಆದರೆ ತಲೆ ಬೋಳಿಸಿದ ಮರದಲ್ಲಿ ಗಾಯದ ಸುತ್ತ ಹೊಸ ಚಿಗುರು ಗುಂಪಾಗಿ ಏಳುತ್ತದೆ. ಅವು ಗಟ್ಟಿಯಾಗಿ ಕೂತಿರುವುದಿಲ್ಲ. ಎರಡು ಮೂರು ವರ್ಷಕ್ಕೆ ಅವೇ ದಪ್ಪಗಾಗಿ ಗಾಳಿಗೆ ಕಿತ್ತು ಬರುತ್ತವೆ. ದೊಡ್ಡ ಗಾಯದಿಂದ ಕೊಳೆ ಬೇರೆ ಒಳಗಿಳಿಯುತ್ತದೆ. ಅದೂ ಅಲ್ಲದೆ ನಮ್ಮ ಮರದ ರೋಗ ಇದ್ದದ್ದು ಬುಡದಲ್ಲಿ. ಕಾಲು ಮುರಿದವನಿಗೆ ಕ್ಷೌರ ಮಾಡಿಸಿ ಏನು ಪ್ರಯೋಜನ?

ಈಗ ಅನುಮತಿಯ ಮಾತು. ನನ್ನ ಸೈಟು, ನನ್ನ ಮರ, ಕೇಳುವವರು ಯಾರು ಅಂತ ಅನೇಕರು ಅಂದುಕೊಂಡಿದ್ದಾರೆ. ಹಾಗಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನಮ್ಮ ಕಾಂಪೌಂಡಿನ ಒಳಗಿನ ಮರಕ್ಕೂ ಅನ್ವಯಿಸುತ್ತದೆ. ಕಡಿಯುವ ಮುಂಚೆ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಥರದ ಕೆಲವು ಜಾತಿಗೆ ಮಾತ್ರ ಆ ಅನುಮತಿ ಬೇಡ. ಹಾಗಾಗಿ ತೆಂಗನ್ನು ನಾನು ಕೇಳದೆ ಕಡಿಸಿದ್ದು ತಪ್ಪಲ್ಲ. ಗುಲ್‌ಮೊಹರನ್ನು ಹಾಗೆ ಕಡಿಸಿದ್ದರೆ ತಪ್ಪಾಗುತ್ತಿತ್ತು. ಗಂಧದ ಮರ ಇದ್ದರಂತೂ ಅದು ನಿಮ್ಮ ಹಿತ್ತಲಲ್ಲೇ ತಾನಾಗಿ ಹುಟ್ಟಿದ್ದರೂ ಅರಣ್ಯ ಇಲಾಖೆಗೆ ಹೇಳದೆ ಕೈ ಹಚ್ಚಬೇಡಿ. ಕಾಂಪೌಂಡಿನ ಆಚೆ, ರಸ್ತೆ ಬದಿಯ ಮರ ನಿಮ್ಮದೇ ಅಲ್ಲ. ನಿಮ್ಮ ತಾತ ನೆಟ್ಟು ನೀರು ಹಾಕಿದ್ದರೂ ಅಲ್ಲ.

ಅರ್ಜಿ ಕೊಟ್ಟದ್ದು ಫೆಬ್ರವರಿ ಕೊನೆಗೆ. ಖಾತಾ ನಕಲು, ಕಂದಾಯದ ರಸೀದಿ ಇಟ್ಟೆ, ಮರದ ಫೋಟೊ ಮರೆತೆ. ಅದಕ್ಕೆ ಇನ್ನೊಂದು ಸಲ ಹೋಗಿ ಬಂದೆ. ಬುಡದ ಅಣಬೆ, ಮನೆ ಗೋಡೆಗೆ ಇರುವ ದೂರ, ಎರಡೂ ಒಂದೇ ಫೋಟೊದಲ್ಲಿ ಕಾಣುವ ಹಾಗೆ ಮೀಟರ್ ಕೋಲು ಪಕ್ಕದಲ್ಲಿಟ್ಟು ತೆಗೆದಿದ್ದೆ. ಪರಿಶೀಲನೆಗೆ ಬಂದವರು ಅದನ್ನು ನೋಡಿ ನಕ್ಕರು, ಆದರೆ ಮರ ನೋಡಿ ನಗಲಿಲ್ಲ. ಸತ್ತ ಮರ, ರೋಗದ ಮರ, ಜೀವಕ್ಕೆ ಆಸ್ತಿಗೆ ಅಪಾಯ ಇರುವ ಮರ, ಇವಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಅಂತ ಕಾಯ್ದೆಯಲ್ಲೇ ಇದೆ. ಏಪ್ರಿಲ್ ಮೊದಲ ವಾರ ಕಾಗದ ಕೈಗೆ ಬಂತು, ಬದಲಿಗೆ ಗಿಡ ನೆಡಬೇಕು ಅನ್ನುವ ಷರತ್ತಿನ ಜೊತೆ. ಇದನ್ನೆಲ್ಲ ಬರೆದದ್ದು ಯಾಕೆಂದರೆ, ಗಾಳಿ ಶುರುವಾದಮೇಲೆ ಅರ್ಜಿ ಕೊಟ್ಟರೆ ಅರ್ಜಿಗೂ ಗಾಳಿಗೂ ಓಟ ಶುರುವಾಗುತ್ತದೆ. ಬೇಸಿಗೆಗೆ ಮುಂಚೆಯೇ ಮರದ ಬುಡ ನೋಡಿಕೊಳ್ಳಿ.

ಕಾಗದ ಬರುವ ಮುಂಚೆಯೇ ನಾನು ರೇಟು ವಿಚಾರಿಸಲು ಶುರು ಮಾಡಿದ್ದೆ. ಒಬ್ಬರು ವಾಟ್ಸಾಪ್‌ನಲ್ಲಿ ಫೋಟೊ ನೋಡಿಯೇ 9,000 ಅಂದರು. ಫೋಟೊದಲ್ಲಿ ಕರೆಂಟ್ ವೈರು ಕಾಣುತ್ತಿರಲಿಲ್ಲ. ಶೆಡ್ಡೂ ಕಾಣುತ್ತಿರಲಿಲ್ಲ. ಇನ್ನೊಬ್ಬರು ಬೈಕ್ ನಿಲ್ಲಿಸಿ, ಇಳಿಯದೆಯೇ, 11,000 ಅಂದರು. "ಪರ್ಮಿಶನ್ನಾ? ಭಾನುವಾರ ಮಾಡ್ಕೊಳ್ಳಣ ಮೇಡಂ, ಯಾರೂ ಬರಲ್ಲ" ಅಂತ ಧೈರ್ಯ ಬೇರೆ ಹೇಳಿದರು. ಹಾಗೆ ಹೇಳುವವರನ್ನು ಅಲ್ಲೇ ಕಳಿಸಿಬಿಡಿ. ಆಮೇಲೆ ನೋಟಿಸು ಬಂದರೆ ಅದು ಬರುವುದು ಖಾತಾ ಯಾರ ಹೆಸರಲ್ಲಿದೆಯೋ ಅವರಿಗೆ.

ಮೂರನೆಯವರೇ ಈ ಮೇಸ್ತ್ರಿ. ಅಂತರಸನಹಳ್ಳಿ ಮಾರುಕಟ್ಟೆ ಹತ್ತಿರ ಸೌದೆ ವ್ಯಾಪಾರ ಮಾಡುವ ಪರಿಚಯದವರು ಹೇಳಿ ಕಳಿಸಿದ್ದರು. ವಯಸ್ಸು 50ರ ಆಸುಪಾಸು. ಎಡಗೈ ಕಿರುಬೆರಳು ಅರ್ಧ ಇಲ್ಲ. ರೇಟು ಕೇಳಿದರೆ ಹೇಳಲೇ ಇಲ್ಲ. ಮರವನ್ನು ಮೂರು ಸುತ್ತು ಹಾಕಿದರು. ಸುತ್ತಿಗೆಯ ಹಿಂಭಾಗದಿಂದ ಬುಡದಿಂದ ಎದೆಮಟ್ಟದವರೆಗೆ ಬಡಿಯುತ್ತಾ ಕಿವಿ ಕೊಟ್ಟರು, ಹಲಸಿನ ಹಣ್ಣು ಬಡಿದು ನೋಡುತ್ತಾರಲ್ಲ ಹಾಗೆ. ಒಂದು ಕಡೆ ಟಣ್ ಅನ್ನುವ ಗಟ್ಟಿ ಸದ್ದು. ಮನೆ ಕಡೆ ಬಡಿದಾಗ ಡಬ್ ಡಬ್.

"ಈ ಕಡೆ ಪೊಳ್ಳು" ಅಂದರು. ಆಮೇಲೆ ನನಗೇ ಪರೀಕ್ಷೆ ಶುರುವಾಯಿತು. ಸಂಪು ಎಲ್ಲಿದೆ? ಪಾಯಿಖಾನೆ ಪೈಪು ಯಾವ ಕಡೆ ಹೋಗುತ್ತದೆ? ಪಕ್ಕದವರಿಗೆ ಹೇಳಿದ್ದೀರಾ? ಸ್ಕೂಲ್ ಬಸ್ಸು ಎಷ್ಟು ಗಂಟೆಗೆ? ಮೇಲೆ ಹೆಜ್ಜೇನು ಕಟ್ಟಿದ್ದು ನೋಡಿದ್ದೀರಾ? ಕಾಗೆ ಗೂಡು ಇದೆಯಾ? ಕಂಬದಿಂದ ಮನೆಗೆ ಬರುವ ವೈರು ಯಾವತ್ತು ಹಾಕಿಸಿದ್ದು? ಸೌದೆ ನಿಮಗೆ ಬೇಕಾ, ನಮಗೆ ಬಿಡ್ತೀರಾ? 31 ವರ್ಷ ಪ್ರಶ್ನೆ ಕೇಳಿದವಳು ನಾನು, ಉತ್ತರ ಹೇಳಲು ತಡವರಿಸಿದೆ.

ರೇಟು 16,000 ಅಂದರು. 9,000 ಹೇಳಿದವರಿದ್ದಾರೆ ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಬೀಳ್ಸೋಕೆ ಒಂಬತ್ತು ಸರಿಯಾಗೇ ಐತೆ ಟೀಚರಮ್ಮ. ಬಯಲಲ್ಲಿದ್ರೆ ನಾನು ಆರಕ್ಕೆ ಬೀಳುಸ್ತೀನಿ. ಇಲ್ಲಿ ಬೀಳ್ಸಂಗಿಲ್ಲ, ಇಳುಸ್ಬೇಕು" ಅಂದರು.

ಈ ಒಂದು ಮಾತು ನನಗೆ ಫೆಬ್ರವರಿಯಲ್ಲೇ ಯಾರಾದರೂ ಹೇಳಿದ್ದರೆ ಗೋಡೆ ಉಳಿಯುತ್ತಿತ್ತು.

15,000ಕ್ಕೆ ಒಪ್ಪಿಕೊಂಡರು. ಅಷ್ಟಕ್ಕೇ ಬಿಡಲಿಲ್ಲ ನಾನು. ಹಳೆ ಕ್ಯಾಲೆಂಡರಿನ ಹಾಳೆಯ ಹಿಂದೆ ಎಲ್ಲ ಬರೆದೆ. ಮರವನ್ನು ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸುವುದು. ಬುಡವನ್ನು ನೆಲಕ್ಕಿಂತ ಅರ್ಧ ಅಡಿ ಕೆಳಗೆ ಕೊಯ್ಯುವುದು. ಕೊಂಬೆ, ಸೊಪ್ಪು, ದಿಮ್ಮಿ ಎಲ್ಲ ಅವರೇ ಸಾಗಿಸುವುದು. ಗೋಡೆ, ಶೀಟು, ಪೈಪು ಏನು ಒಡೆದರೂ ಅವರ ಜವಾಬ್ದಾರಿ. ಮುಂಗಡ 3,000, ಉಳಿದದ್ದು ನೆಲ ಗುಡಿಸಿದಮೇಲೆ. "ನೆಲ ಗುಡಿಸಿದಮೇಲೆ" ಅನ್ನುವುದಕ್ಕೆ ಕೆಳಗೆ ಎರಡು ಗೆರೆ ಎಳೆದೆ. ಮೇಸ್ತ್ರಿ ಓದಿ, ನಕ್ಕು, ಸಹಿ ಹಾಕಿದರು. ಬೇಜಾರಾಗುವ ಮೇಸ್ತ್ರಿ ಆಗಿದ್ದರೆ ಕೆಲಸ ಕೊಡುತ್ತಿರಲಿಲ್ಲ.

ಹುಡುಗರಿಗೆ ಏನಾದರೂ ಆದರೆ ಏನು ಗತಿ ಅಂತ ಕೇಳಿದೆ. ನಾಲ್ಕೂ ಹುಡುಗರಿಗೆ ಬ್ಯಾಂಕಿನಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡಿಸಿದ್ದೇನೆ ಅಂದರು. ವರ್ಷಕ್ಕೆ 20 ರೂಪಾಯಿ ಖಾತೆಯಿಂದ ಹೋಗುತ್ತದೆ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ದೊಡ್ಡ ಮೊತ್ತ ಅಲ್ಲ ಬಿಡಿ. ಆದರೆ ಯೋಚನೆ ಮಾಡಿದ್ದಾರಲ್ಲ. ತೆಂಗಿನ ಮರದ ಮೂವರನ್ನು ನಾನು ಈ ಪ್ರಶ್ನೆ ಕೇಳಿಯೇ ಇರಲಿಲ್ಲ.

ಹೊರಡುವಾಗ ನಾನೇ ಗೇಟಿನ ಹೊಂಗೆ ತೋರಿಸಿ, ಇದನ್ನೂ ಜೊತೆಗೇ ತೆಗೆದುಬಿಡಿ, ಎಲೆ ಉದುರಿ ಉದುರಿ ಗುಡಿಸಿ ಸಾಕಾಗಿದೆ ಅಂದೆ. ಮೇಸ್ತ್ರಿ ಅದನ್ನೂ ಬಡಿದರು, ಬುಡದ ಮಣ್ಣು ಕಾಲಲ್ಲಿ ಕೆದಕಿದರು. "ಇದಕ್ಕೇನಾಗೈತೆ? ಬೇರು ಆಳಕ್ಕೆ ಹೋಗೈತೆ, ಕಲ್ಲಿನಂಗೈತೆ. ಇದನ್ನ ಕಡಿಯಕ್ಕೆ ನಾನು ಬರಲ್ಲ, ಪೊರಕೆ ಹೊಸದು ತಗೊಳ್ಳಿ" ಅಂದರು. ಕೈಗೆ ಬಂದ ಕೆಲಸ ಬೇಡ ಅಂದ ಮೇಲೆ ನನಗೆ ಇನ್ಯಾವ ಅನುಮಾನವೂ ಉಳಿಯಲಿಲ್ಲ.

ಬುಧವಾರ ಅಂತ ಹೇಳಿ ಗುರುವಾರ ಬಂದರು. ಮಂಗಳವಾರ ರಾತ್ರಿಯೇ ಫೋನ್ ಮಾಡಿ ಹೇಳಿದ್ದರಿಂದ ಇದಕ್ಕೆ ಅಂಕ ಕಳೆದಿಲ್ಲ. ಆದರೆ ನಾನು ಬೆಸ್ಕಾಂಗೆ ಇನ್ನೊಮ್ಮೆ ಹೇಳಬೇಕಾಯಿತು. 1912ಕ್ಕೆ ಫೋನ್ ಮಾಡಿ, ಸೆಕ್ಷನ್ ಆಫೀಸಿಗೂ ಒಂದು ಪತ್ರ ಕೊಟ್ಟಿದ್ದೆ. ಗುರುವಾರ ಎಂಟೂವರೆಗೆ ಲೈನ್‌ಮ್ಯಾನ್ ಬಂದು ಕಂಬದಿಂದ ನಮ್ಮ ಮನೆಗೆ ಬರುವ ಲೈನು ಬಿಡಿಸಿಕೊಟ್ಟರು. ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೆ ಸಾಕು ಅಂತ ನಮ್ಮ ಮನೆಯವರ ವಾದ. ಸಾಲದು. ಮೇನ್ ಆಫ್ ಮಾಡಿದರೂ ಕಂಬದಿಂದ ಮೀಟರಿನವರೆಗೆ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ, ಹಸಿ ಕೊಂಬೆ ಅದನ್ನು ಮುಟ್ಟಿದರೆ ಕೊಂಬೆ ಹಿಡಿದವನಿಗೂ ಬರುತ್ತದೆ.

ಬಂದವರೇ ಮೊದಲು ಮೆಷಿನ್ನಿಗೆ ಕುಂಕುಮ ಇಟ್ಟು, ಮರಕ್ಕೆ ಊದಿನಕಡ್ಡಿ ಹಚ್ಚಿದರು. ನಮ್ಮ ಮನೆಯವರು ಒಳಗಿಂದ ಅರಿಶಿನ ತಂದು ಅಪ್ಪನ ಮರಕ್ಕೆ ಹಚ್ಚಿ, ಮಾತಾಡದೆ ಒಳಗೆ ಹೋದರು. ತುದಿಯಲ್ಲಿ ಆಗಲೇ ಒಂದೆರಡು ಗೊಂಚಲು ಕೆಂಪು ಹೂ ಬಂದಿತ್ತು.

ಮೇಲೆ ಹತ್ತಿದವನಿಗೆ ಇಪ್ಪತ್ತೈದು ವರ್ಷ ಇರಬಹುದು. ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಎರಡು ಹಗ್ಗ. ಒಂದನ್ನು ಬಿಚ್ಚಿ ಮೇಲಕ್ಕೆ ಕಟ್ಟುವಾಗ ಇನ್ನೊಂದು ಕಟ್ಟಿಯೇ ಇರುತ್ತದೆ. ಕೆಳಗೆ ಒಬ್ಬ ಬರೀ ರಸ್ತೆ ನೋಡಿಕೊಳ್ಳಲು, ಕೈಯಲ್ಲಿ ಕೆಂಪು ಬಟ್ಟೆ. ಇಡೀ ದಿನ ಅವನಿಗೆ ಬೇರೆ ಕೆಲಸ ಕೊಡಲಿಲ್ಲ ಮೇಸ್ತ್ರಿ. ಇಬ್ಬರು ಹಗ್ಗಕ್ಕೆ.

ನೋಡಬೇಕಾದದ್ದು ಆ ಹಗ್ಗದ ಕೆಲಸವನ್ನೇ. ಕೊಯ್ಯಬೇಕಾದ ಕೊಂಬೆಗೆ ಒಂದು ಕುಣಿಕೆ. ಆ ಹಗ್ಗ ಮೇಲಿನ ಗಟ್ಟಿ ಕವಲಿನ ಮೇಲೆ ಹಾದು ಕೆಳಗೆ ಬರುತ್ತದೆ. ಕೆಳಗೆ ಅದನ್ನು ಮರದ ಬುಡಕ್ಕೇ ಮೂರು ಸುತ್ತು ಸುತ್ತಿ, ತುದಿ ಹಿಡಿದು ನಿಲ್ಲುತ್ತಾರೆ. ಬರಿಗೈಯಲ್ಲಿ ಎರಡು ಕ್ವಿಂಟಲ್ ಕೊಂಬೆ ಹಿಡಿಯಲು ಯಾರಿಂದ ಆಗುತ್ತದೆ? ಸುತ್ತು ಹಿಡಿಯುತ್ತದೆ, ಕೈ ಬರೀ ಬಿಡುತ್ತದೆ. ಘರ್ಷಣೆ ಅಂತ ಪಾಠದಲ್ಲಿ ಓದಿಸುತ್ತೇವಲ್ಲ, ಅದನ್ನು ಈ ಹುಡುಗರು ಅಂಗೈಯಲ್ಲಿ ಕಲಿತಿದ್ದಾರೆ.

ಮೇಲಿನವನು ಮೊದಲು ಕೊಂಬೆಯ ಕೆಳಗಿನಿಂದ ಸ್ವಲ್ಪ ಕೊಯ್ಯುತ್ತಾನೆ, ಆಮೇಲೆ ಮೇಲಿನಿಂದ. ಬರೀ ಮೇಲಿನಿಂದ ಕೊಯ್ದರೆ ಅರ್ಧದಲ್ಲಿ ಕೊಂಬೆ ಮುರಿದು, ತೊಗಟೆ ಉದ್ದಕ್ಕೆ ಸೀಳಿಕೊಂಡು, ಎತ್ತ ಬೇಕಾದರೂ ಬೀಸುತ್ತದೆ. ಶೆಡ್ಡಿನ ಮೇಲೆ ಚಾಚಿದ್ದ ದೊಡ್ಡ ಕೊಂಬೆ ಕೊಯ್ಯುವಾಗ ಪಕ್ಕದ ಮನೆಯ ಆಂಟಿ, ನಾನು, ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದೆವು. ಕೊಂಬೆ ಬಿಟ್ಟುಕೊಂಡಿತು. ಒಂದು ಸಲ ತೂಗಿತು. ಶೀಟಿಗೆ ಎರಡು ಅಡಿ ಮೇಲೆ ನಿಂತಿತು. ಮೇಸ್ತ್ರಿ "ಬುಡು... ಬುಡು... ತಡಿ... ಬುಡು" ಅನ್ನುತ್ತಿದ್ದ ಹಾಗೆ ನಮ್ಮ ಅಂಗಳಕ್ಕೆ ಬಂದು ಕೂತುಕೊಂಡಿತು. ಎಲೆ ಅಲ್ಲಾಡುವುದು ನಿಂತ ಮೇಲೆ ಆಂಟಿ ನನ್ನ ಕೈ ಬಿಟ್ಟರು. ಈ ಒಂದು ಕೊಂಬೆಗೆ ನಾನು 15,000ದಲ್ಲಿ ಅರ್ಧ ಕೊಟ್ಟೆ ಅಂದುಕೊಂಡರೂ ನಷ್ಟವಿಲ್ಲ.

ಊಟದ ಹೊತ್ತಿಗೆ ಕೈಕಾಲಿಲ್ಲದ ಕಂಬದ ಹಾಗೆ ಕಾಂಡ ಉಳಿದಿತ್ತು. ಅದನ್ನೂ ಒಂದೇ ಸಲಕ್ಕೆ ಬೀಳಿಸಲಿಲ್ಲ, ಮೂರು ಮೂರು ಅಡಿ ತುಂಡು ಮಾಡಿ ಇಳಿಸಿದರು. ಕೊನೆಯ ಎಂಟು ಅಡಿ ಮಾತ್ರ ಬೀಳಿಸಿದ್ದು. ಬೀಳಬೇಕಾದ ಕಡೆ ಮೊದಲು ಬಾಯಿ ತೆಗೆದು, ಹಿಂದಿನಿಂದ ಸ್ವಲ್ಪ ಎತ್ತರದಲ್ಲಿ ಕೊಯ್ದು, ನಡುವೆ ಎರಡು ಬೆರಳು ದಪ್ಪ ಮರ ಬಿಟ್ಟರು. ಬಾಗಿಲ ಕೀಲಿನ ಹಾಗೆ ಅದರ ಮೇಲೆ ತಿರುಗಿ, ಹಾಸಿದ್ದ ಹಳೆ ಟೈರುಗಳ ಮೇಲೆ ಬಿತ್ತು.

ಬುಡ ತೋರಿಸಲು ಮೇಸ್ತ್ರಿ ನಮ್ಮ ಮನೆಯವರನ್ನು ಕರೆದರು. ಒಳಗೆ ಒಂದು ಬಿಂದಿಗೆ ಇಡಬಹುದಾದಷ್ಟು ಪೊಳ್ಳು. ಕಪ್ಪು ಮಣ್ಣಿನಂಥ ಪುಡಿ, ಇರುವೆ. ಮನೆ ಕಡೆ ಗಟ್ಟಿ ಮರ ಇದ್ದದ್ದು ನಾಲ್ಕು ಬೆರಳು ದಪ್ಪ. ನಮ್ಮ ಮನೆಯವರು ಒಳಗೆ ಕೈ ಇಟ್ಟು ನೋಡಿದರು. ಆಮೇಲೆ, "ಹುಡುಗರಿಗೆ ಊಟ ಇಲ್ಲೇ ಹಾಕೇ" ಅಂದರು. ಬೋಳಿಸುವ ಮಾತು ಅಲ್ಲಿಗೆ ಮುಗಿಯಿತು.

ಬುಡವನ್ನು ಜೆಸಿಬಿ ತರಿಸಿ ಕೀಳಿಸೋಣ ಅಂದಿದ್ದೆ. ಬೇಡ ಅಂದರು ಮೇಸ್ತ್ರಿ. ಬೇರು ಕಾಂಪೌಂಡಿನ ಪಾಯದ ಕೆಳಗೆ ಹೋಗಿದೆ, ಕಿತ್ತರೆ ಗೋಡೆಯೂ ಜೊತೆಗೆ ಬರುತ್ತದೆ. ನೆಲಮಟ್ಟದ ಕೆಳಗೆ ಕೊಯ್ದು ಮಣ್ಣು ಮುಚ್ಚಿದರು. ಬೇರು ಕೊಳೆಯುತ್ತಾ ಹೋದ ಹಾಗೆ ಅಲ್ಲಿ ನೆಲ ಕುಸಿಯುತ್ತದೆ, ಆದ್ದರಿಂದ ಈಗಲೇ ಟೈಲ್ಸ್ ಹಾಕಿಸಬೇಡಿ, ಗೆದ್ದಲು ಬಂದರೆ ಗಮನವಿಡಿ ಅಂತಲೂ ಹೇಳಿ ಹೋದರು. ಈ ಮಳೆಗಾಲದಲ್ಲೇ ಅಲ್ಲಿ ನಾಲ್ಕು ಬೆರಳು ತಗ್ಗಾಗಿದೆ. ಒಂದು ಬುಟ್ಟಿ ಮಣ್ಣು ಹಾಕಿದ್ದೇನೆ.

ಇನ್ನು ಕಳೆದ 16 ಅಂಕದ ಲೆಕ್ಕ. ಮೆಷಿನ್ ಹಿಡಿದವರಲ್ಲಿ ಮೇಲಿನವನಿಗೆ ಮಾತ್ರ ಹೆಲ್ಮೆಟ್, ಕನ್ನಡಕ. ಕೆಳಗೆ ಕೊಂಬೆ ತುಂಡು ಮಾಡಿದವನ ಕಣ್ಣಿಗೆ ಏನೂ ಇಲ್ಲ, ಕಾಲಿಗೆ ಹವಾಯಿ ಚಪ್ಪಲಿ. ಚಪ್ಪಲಿ ನೋಡಿ ನನಗೆ ಕೊನೆಯವರೆಗೂ ಸಮಾಧಾನ ಇರಲಿಲ್ಲ. ಮೇಸ್ತ್ರಿಯ ಕಿರುಬೆರಳು ನೋಡಿದಮೇಲೂ ಇವರು ಕಲಿಯಲಿಲ್ಲವಲ್ಲ. ಅದಕ್ಕೆ 5. ಸಂಪು ಎಲ್ಲಿದೆ ಅಂತ ಕೇಳಿದವರು ಅದರ ಮುಚ್ಚಳದ ಮೇಲೆ ಟಾರ್ಪಾಲು ಹಾಕಲು ಮರೆತರು. ಎರಡು ದಿನ ನಲ್ಲಿಯಲ್ಲಿ ಮರದ ಹೊಟ್ಟು ಬಂತು, ಸಂಪು ತೊಳೆಸಬೇಕಾಯಿತು. 4. ನನ್ನ ಕರಿಬೇವಿನ ಗಿಡ ಮುರಿದರು, 2. ಅದು ಮತ್ತೆ ಚಿಗುರಿದೆ, ಆದರೂ ಅಂಕ ವಾಪಸ್ ಇಲ್ಲ.

ಉಳಿದ 5 ಸೌದೆಗೆ. ಗುಲ್‌ಮೊಹರ್ ಮರಗೆಲಸಕ್ಕೆ ಬರುವುದಿಲ್ಲ, ಸೌದೆಗೆ ಮಾತ್ರ. ಹಾಗಾಗಿ ನಿಮ್ಮ ಮರಕ್ಕೆ ಒಳ್ಳೆ ಬೆಲೆ ಇದೆ, ಕೂಲಿಯಲ್ಲಿ ವಜಾ ಮಾಡ್ತೀವಿ ಅಂತ ಯಾರಾದರೂ ಗುಲ್‌ಮೊಹರಿಗೆ ಹೇಳಿದರೆ ನಂಬಬೇಡಿ. ತೇಗವೋ ಹಲಸೋ ಆದರೆ ಕಥೆ ಬೇರೆ. ಆಗ ಮರದ ಬೆಲೆ ಬೇರೆ, ಕೂಲಿ ಬೇರೆ ಮಾತಾಡಿ, ಸಾಗಿಸಲು ಪರವಾನಗಿ ಬೇಕಾ ಅಂತಲೂ ಕೇಳಿಕೊಳ್ಳಿ. ನಮ್ಮ ಮೇಸ್ತ್ರಿ ಟ್ರ್ಯಾಕ್ಟರಿನಲ್ಲಿ ಎರಡು ಲೋಡು ಒಯ್ದರು. ಬುಡದ ಎರಡು ದಪ್ಪ ದಿಮ್ಮಿ ಎತ್ತಲು ಆಗಲಿಲ್ಲ. "ಭಾನುವಾರ ಬಂದು ಒಯ್ತೀನಿ ಟೀಚರಮ್ಮ" ಅಂದರು. ನೆಲ ಚೆನ್ನಾಗಿ ಗುಡಿಸಿದ್ದರು, ದುಡ್ಡು ಕೊಟ್ಟೆ. ಎಷ್ಟನೇ ಭಾನುವಾರ ಅಂತ ಬರೆಸಿಕೊಳ್ಳಲಿಲ್ಲ, ಅದು ನನ್ನ ತಪ್ಪು.

ಷರತ್ತಿನಂತೆ ಗಿಡ ನೆಟ್ಟಿದ್ದೇವೆ. ಪಾರಿಜಾತ, ಗೋಡೆಯಿಂದ ಹತ್ತು ಅಡಿ ದೂರ, ಟೇಪು ಹಿಡಿದು ಅಳೆದು. ನೆಟ್ಟದ್ದು ನಮ್ಮ ಮನೆಯವರು. ಆ ಎರಡು ದಿಮ್ಮಿ ಮಾತ್ರ ಇನ್ನೂ ಹೊಂಗೆಯ ನೆರಳಲ್ಲಿ ಬಿದ್ದಿವೆ. ಸಂಜೆ ಹಿಂದಿನ ಮನೆ ಅಜ್ಜಿ ಬಂದು ಅದರ ಮೇಲೆ ಕೂತು ಸೊಪ್ಪು ಬಿಡಿಸುತ್ತಾರೆ. ಹೊಸ ಗೋಡೆ ಅವರಿಗೆ ಯಾಕೋ ಹಿಡಿಸಿಲ್ಲ.